ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ನಿಮ್ಮ ಕೆಲಸ ಎಲ್ಲಿಗೆ ಹೋಗುತ್ತದೆ ನೋಡಿ

(ಮದುವೆ ಫೋಟೊಗ್ರಾಫರ್‌ಗಳು, ಆಲ್ಬಮ್ ಡಿಸೈನರ್‌ಗಳು ಮತ್ತು ಡಿಟಿಪಿ ಕೆಲಸ ಮಾಡುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳು. ಓದುವುದಕ್ಕೆ ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಯಾವುದೋ ಒಂದು ಮಾಡೆಲ್ ಹೆಸರು ಹೇಳಿ "ಇದನ್ನೇ ತಗೊಳ್ಳಿ" ಅನ್ನುವುದಿಲ್ಲ. ಹೇಳಿದರೂ ಆರು ತಿಂಗಳಲ್ಲಿ ಆ ಮಾತು ಹಳಸುತ್ತದೆ. ಅದರ ಬದಲು, ಅಂಗಡಿಯವರು ಮುಂದೆ ಇಟ್ಟ ಡಬ್ಬಿಯ ಮೇಲೆ ಏನು ಬರೆದಿದೆ, ಏನನ್ನು ಬರೆಯದೆ ಬಿಟ್ಟಿದ್ದಾರೆ ಅನ್ನುವುದನ್ನು ಓದುವುದು ಹೇಗೆ ಅಂತ ನೋಡೋಣ.

ಯಾರಾದರೂ ಲ್ಯಾಪ್‌ಟಾಪ್ ಬಗ್ಗೆ ಕೇಳಿದರೆ ನಾನು ಮೊದಲು ಬಜೆಟ್ ಕೇಳುವುದಿಲ್ಲ. ನೀವು ಮಾಡಿದ ಕೆಲಸ ಕೊನೆಗೆ ಎಲ್ಲಿಗೆ ಹೋಗುತ್ತದೆ ಅಂತ ಕೇಳುತ್ತೇನೆ. ಆಲ್ಬಮ್ ಲ್ಯಾಬಿಗಾ? ಆಫ್‌ಸೆಟ್ ಪ್ರೆಸ್ಸಿಗಾ? ಬ್ಯಾನರ್ ಮೆಷಿನ್ನಿಗಾ? ಇಲ್ಲಾ ಯಾರದೋ ಫೋನಿನ ಪರದೆಗಾ? ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಡಿಸೈನ್ ಮಾಡುವವರಿಗೂ, ಮದುವೆ ಆಲ್ಬಮ್ ಮಾಡುವವರಿಗೂ, ಇನ್‌ಸ್ಟಾಗ್ರಾಮ್ ಪೋಸ್ಟ್ ಮಾಡುವವರಿಗೂ ಬೇಕಾದ ಮೆಷಿನ್ ಒಂದೇ ಅಲ್ಲ. ಮೂವರಿಗೂ ಒಂದೇ ಗೇಮಿಂಗ್ ಲ್ಯಾಪ್‌ಟಾಪ್ ತೋರಿಸಿ ಮಾರುವುದು ಮಾತ್ರ ನಡೆದೇ ಇದೆ.

ಮೊದಲು ಪರದೆ. ನನ್ನ ಅರ್ಧ ಮಾತು ಪರದೆಯದ್ದೇ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಡಬ್ಬಿಯ ಮೇಲೆ ಸಾಮಾನ್ಯವಾಗಿ ಹೀಗೆ ಇರುತ್ತದೆ: 15.6 ಇಂಚು, ಫುಲ್ ಎಚ್‌ಡಿ, ಐಪಿಎಸ್, ಆಂಟಿಗ್ಲೇರ್, 250 ನಿಟ್ಸ್. ನಿಟ್ಸ್ ಅಂದರೆ ಪರದೆಯ ಬೆಳಕಿನ ಅಳತೆ. ಇಷ್ಟರಲ್ಲಿ ಬಣ್ಣದ ಬಗ್ಗೆ ಒಂದಕ್ಷರವೂ ಇಲ್ಲ. ಐಪಿಎಸ್ ಅಂದರೆ ಪಕ್ಕದಿಂದ ನೋಡಿದರೂ ಚಿತ್ರ ಕಪ್ಪಾಗುವುದಿಲ್ಲ, ಅಷ್ಟೇ. ಎಷ್ಟು ಬಣ್ಣ ತೋರಿಸುತ್ತದೆ ಅನ್ನುವುದು ಬೇರೆ ವಿಷಯ. ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲ್ಲಿನ ಪೂರ್ತಿ ವಿವರ ತೆಗೆದು ಕೆಳಗೆ ಹೋದರೆ ಎಲ್ಲೋ ಒಂದು ಕಡೆ ಚಿಕ್ಕದಾಗಿ "45% ಎನ್‌ಟಿಎಸ್‌ಸಿ" ಅಂತ ಇರುತ್ತದೆ. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಇದು ಬಹಳ ಸಾಮಾನ್ಯ. ನೀವು ಹುಡುಕಬೇಕಾದ ಸಾಲು ಇದೇ.

ಎನ್‌ಟಿಎಸ್‌ಸಿ ಅನ್ನುವುದು 1953ರಲ್ಲಿ ಅಮೆರಿಕದ ಕಲರ್ ಟಿವಿಗೆ ಮಾಡಿದ ಅಳತೆ. ಎಪ್ಪತ್ತು ವರ್ಷ ಹಳೆಯ ಟಿವಿ ಲೆಕ್ಕದಲ್ಲಿ ಇವತ್ತಿಗೂ ಲ್ಯಾಪ್‌ಟಾಪ್ ಮಾರುತ್ತಿದ್ದಾರೆ, ತಮಾಷೆ ಅಲ್ವಾ? ನಮಗೆ ಬೇಕಾದ ಅಳತೆ ಎಸ್‌ಆರ್‌ಜಿಬಿ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ತಂದದ್ದು. ಫೋನು, ವೆಬ್‌ಸೈಟು, ಸಾಮಾನ್ಯವಾಗಿ ಆಲ್ಬಮ್ ಲ್ಯಾಬ್, ಎಲ್ಲರೂ ಇದನ್ನೇ ನಂಬಿಕೊಂಡು ಕೆಲಸ ಮಾಡುವುದು. ಪೂರ್ತಿ ಎಸ್‌ಆರ್‌ಜಿಬಿ ತೋರಿಸುವ ಪರದೆ ಎನ್‌ಟಿಎಸ್‌ಸಿ ಲೆಕ್ಕದಲ್ಲಿ 72% ಆಗುತ್ತದೆ. ಹಾಗಾದರೆ 45% ಅಂದರೆ? ಎಸ್‌ಆರ್‌ಜಿಬಿಯಲ್ಲಿ ಸುಮಾರು ಮೂರನೇ ಎರಡು ಭಾಗವೂ ಇಲ್ಲ. ಉಳಿದ ಬಣ್ಣವನ್ನು ನಿಮ್ಮ ಪರದೆ ತೋರಿಸುವುದೇ ಇಲ್ಲ. ಫೈಲಿನಲ್ಲಿ ಇರುತ್ತದೆ, ನಿಮ್ಮ ಕಣ್ಣಿಗೆ ಮಾತ್ರ ಬೀಳುವುದಿಲ್ಲ.

ಇದರಿಂದ ಆಗುವ ಅನಾಹುತ ಏನು ಅಂತ ಒಂದೇ ಒಂದು ಸೀರೆ ಇಟ್ಟುಕೊಂಡು ನೋಡೋಣ. ಮದುಮಗಳು ಕುಂಕುಮ ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದಾಳೆ, ಜರಿ ಅಂಚು. ಕ್ಯಾಮೆರಾ ಸರಿಯಾಗಿಯೇ ಹಿಡಿದಿದೆ. 45% ಪರದೆಯಲ್ಲಿ ಆ ಕೆಂಪು ಸಪ್ಪೆಯಾಗಿ, ಸ್ವಲ್ಪ ಕಿತ್ತಳೆಗೆ ತಿರುಗಿದಂತೆ ಕಾಣುತ್ತದೆ. ಡಿಸೈನರ್ ಏನು ಮಾಡುತ್ತಾರೆ? ಸ್ಯಾಚುರೇಶನ್ ಏರಿಸುತ್ತಾರೆ. ಸಾಲದು ಅಂತ ವೈಬ್ರೆನ್ಸ್ ಕೂಡ ಎಳೆಯುತ್ತಾರೆ. ತಮ್ಮ ಪರದೆಯಲ್ಲಿ ಈಗ ಚೆಂದ ಕಾಣುತ್ತದೆ. ಆದರೆ ಫೈಲಿನ ಒಳಗೆ ಕೆಂಪು ಚಾನಲ್ ಗರಿಷ್ಠ ಮಿತಿ 255ಕ್ಕೆ ಹೋಗಿ ಮುಟ್ಟಿದೆ. ಸೀರೆಯ ನೆರಿಗೆಯ ಮೇಲಿನ ಬೆಳಕು, ಪಕ್ಕದ ನೆರಳು, ಎರಡೂ ಹೆಚ್ಚುಕಮ್ಮಿ ಅದೇ ಸಂಖ್ಯೆಗೆ ಬಂದು ನಿಂತಿವೆ. ಲ್ಯಾಬಿನಿಂದ ಆಲ್ಬಮ್ ಬಂದಾಗ ಸೀರೆ ಇದ್ದ ಜಾಗದಲ್ಲಿ ಒಂದೇ ಸಮನೆ ಕೆಂಪು ಬಳಿದ ಹಾಗಿರುತ್ತದೆ. ನೆರಿಗೆ ಇಲ್ಲ, ನೇಯ್ಗೆ ಇಲ್ಲ, ಮುಖವೆಲ್ಲ ಕೆಂಪಗೆ. ಆಮೇಲೆ ಲ್ಯಾಬಿನವರ ಜೊತೆ ಜಗಳ. ಪಾಪ, ಅವರು ಬಂದ ಫೈಲನ್ನು ಬಂದ ಹಾಗೆಯೇ ಪ್ರಿಂಟ್ ಹಾಕಿದ್ದಾರೆ.

ಹಾಗಾಗಿ ಆಲ್ಬಮ್ ಕೆಲಸದವರಿಗೆ ನನ್ನ ಮಾತು ಇಷ್ಟೇ. ಎಸ್‌ಆರ್‌ಜಿಬಿ 95%ಕ್ಕಿಂತ ಕಡಿಮೆ ಇರುವ ಪರದೆ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ. 100% ಅಂತ ಬರೆದಿದ್ದರೆ ಒಳ್ಳೆಯದು. ಎಸ್‌ಆರ್‌ಜಿಬಿಗಿಂತ ದೊಡ್ಡ ಅಳತೆಯಾದ ಅಡೋಬಿ ಆರ್‌ಜಿಬಿಯ ಚಿಂತೆ ನಮ್ಮಲ್ಲಿ ಬಹಳ ಜನಕ್ಕೆ ಬೇಕಾಗಿಲ್ಲ. ಸ್ವಂತ ಇಂಕ್‌ಜೆಟ್ ಪ್ರಿಂಟರ್ ಇಟ್ಟುಕೊಂಡು ಒಳ್ಳೆಯ ಕಾಗದದ ಮೇಲೆ ಪ್ರದರ್ಶನಕ್ಕೆ ಪ್ರಿಂಟ್ ತೆಗೆಯುವವರು ನೋಡಿಕೊಳ್ಳಲಿ.

ಈಗ ಓಎಲ್ಇಡಿ, ಅಂದರೆ ಒಂದೊಂದು ಚುಕ್ಕಿಯೂ ತಾನೇ ಬೆಳಗುವ ಪರದೆ. ಅಂಗಡಿಯಲ್ಲಿ ಎರಡು ಲ್ಯಾಪ್‌ಟಾಪ್ ಪಕ್ಕಪಕ್ಕ ಇಟ್ಟರೆ ಯಾರೇ ಆದರೂ ಓಎಲ್ಇಡಿ ಕಡೆಗೇ ತಿರುಗುತ್ತಾರೆ. ಕಪ್ಪು ಅಂದರೆ ಅಪ್ಪಟ ಕಪ್ಪು. ಇವುಗಳಲ್ಲಿ ಹೆಚ್ಚಿನವು ಡಿಸಿಐ-ಪಿ3 ಅನ್ನುವ ಸಿನಿಮಾ ಅಳತೆಯ ಬಣ್ಣವನ್ನು ಪೂರ್ತಿ ತೋರಿಸುತ್ತವೆ, ಅಂದರೆ ಎಸ್‌ಆರ್‌ಜಿಬಿಗಿಂತ ಜಾಸ್ತಿ. ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ಲವೇ ಅಂದರೆ, ಅಲ್ಲೊಂದು ಗುಂಡಿ ಇದೆ. ಬಣ್ಣದ ಪ್ರೊಫೈಲ್ (ಪರದೆ ಯಾವ ಬಣ್ಣವನ್ನು ಹೇಗೆ ತೋರಿಸುತ್ತದೆ ಅಂತ ಸಾಫ್ಟ್‌ವೇರಿಗೆ ತಿಳಿಸುವ ಫೈಲು) ಸರಿಯಾಗಿ ಹಾಕದೆ ಇದ್ದರೆ ಎಸ್‌ಆರ್‌ಜಿಬಿ ಫೋಟೊವನ್ನೂ ಇವು ಎಳೆದು ಎಳೆದು ಗಾಢವಾಗಿ ತೋರಿಸುತ್ತವೆ. ನೀವು "ಅಯ್ಯೋ, ಬಣ್ಣ ಜಾಸ್ತಿಯಾಯಿತು" ಅಂತ ಇಳಿಸುತ್ತೀರಿ. ಪ್ರಿಂಟ್ ಸಪ್ಪೆಯಾಗಿ ಬರುತ್ತದೆ. ಅಗ್ಗದ ಪರದೆಯಲ್ಲಿ ಆದದ್ದರ ಉಲ್ಟಾ. ಆದ್ದರಿಂದ ಓಎಲ್ಇಡಿ ಕೊಳ್ಳುವುದಾದರೆ ಕಂಪನಿಯ ಸಾಫ್ಟ್‌ವೇರಿನಲ್ಲಿ ಎಸ್‌ಆರ್‌ಜಿಬಿ ಮೋಡ್ ಇದೆಯಾ ಅಂತ ಕೇಳಿ. ಲ್ಯಾಬಿಗೆ ಹೋಗುವ ಕೆಲಸ ಮಾಡುವಾಗ ಅದನ್ನೇ ಹಾಕಿಕೊಳ್ಳಿ.

ಓಎಲ್ಇಡಿಯ ಇನ್ನೆರಡು ವಿಷಯ. ಬೆಳಕು ಕಡಿಮೆ ಮಾಡಿದಾಗ ಎಷ್ಟೋ ಓಎಲ್ಇಡಿಗಳು ನಮಗೆ ಗೊತ್ತಾಗದ ಹಾಗೆ ಪಟಪಟ ಮಿಟುಕುತ್ತಿರುತ್ತವೆ. ಕೆಲವರಿಗೆ ಇದರಿಂದ ತಲೆನೋವು ಬರುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ನಿಮ್ಮದು ಯಾವ ಕಣ್ಣು ಅಂತ ನೀವೇ ನೋಡಿಕೊಳ್ಳಬೇಕು. ಇನ್ನೊಂದು, ಫೋಟೊಶಾಪಿನ ಟೂಲ್ ಬಾರು, ಬಲಗಡೆಯ ಲೇಯರ್ ಪ್ಯಾನಲ್ಲು ದಿನಕ್ಕೆ ಹತ್ತು ಗಂಟೆ ಒಂದೇ ಜಾಗದಲ್ಲಿ ನಿಂತಿರುತ್ತವೆ. ವರ್ಷಗಟ್ಟಲೆ ಹಾಗೆ ನಿಂತರೆ ಅವುಗಳ ಗುರುತು ಪರದೆಯಲ್ಲಿ ಉಳಿಯುವ ಸಾಧ್ಯತೆ ಇದೆ. ವಾರಂಟಿಯಲ್ಲಿ ಇದು ಸೇರಿದೆಯಾ ಅಂತ ಕೊಳ್ಳುವ ಮುಂಚೆಯೇ ಓದಿಕೊಳ್ಳಿ.

ಬ್ರೈಟ್‌ನೆಸ್ ಬಗ್ಗೆ. ಚೌಲ್ಟ್ರಿಯಲ್ಲಿ, ಕಿಟಕಿ ಪಕ್ಕ, ಗಿರಾಕಿಗೆ ಫೋಟೊ ತೋರಿಸಬೇಕು ಅಂದರೆ 250 ನಿಟ್ಸ್ ಸಾಲದು. 400 ಇದ್ದರೆ ನಿರಾಳ. ಆದರೆ ಪ್ರಿಂಟಿಗೆ ಹೋಗುವ ಫೋಟೊವನ್ನು ಎಡಿಟ್ ಮಾಡುವಾಗ ಬೇಕಾಗುವುದು 100ರಿಂದ 120 ನಿಟ್ಸ್ ಮಾತ್ರ. "ಸ್ಕ್ರೀನಲ್ಲಿ ಚೆನ್ನಾಗಿತ್ತು, ಪ್ರಿಂಟಲ್ಲಿ ಕಪ್ಪಾಗಿ ಬಂತು" ಅಂತ ಹೇಳುವವರ ಪರದೆ ಯಾವಾಗಲೂ ಫುಲ್ ಬ್ರೈಟ್‌ನೆಸ್ಸಿನಲ್ಲಿ ಇರುತ್ತದೆ. ಪರದೆಯೇ ಬೆಳಕು ಕೊಡುತ್ತಿದ್ದರೆ ನೀವು ಫೋಟೊಗೆ ಬೆಳಕು ಹಾಕುವುದಿಲ್ಲ, ಅಷ್ಟೇ ಕಾರಣ. ಹೊಸ ಲ್ಯಾಪ್‌ಟಾಪ್ ತಂದ ದಿನವೇ ಪರದೆಯನ್ನು ಹಳದಿಗೆ ತಿರುಗಿಸುವ ನೈಟ್ ಲೈಟ್ ಆಫ್ ಮಾಡಿ. ಪರದೆಯಲ್ಲಿ ಏನಿದೆ ಅಂತ ನೋಡಿ ತಾನೇ ಬೆಳಕು ಏರಿಸಿ ಇಳಿಸುವ ಸೆಟ್ಟಿಂಗನ್ನೂ ಆಫ್ ಮಾಡಿ. ಮ್ಯಾಕ್ ಆದರೆ, ಕೋಣೆಯ ಬೆಳಕಿಗೆ ತಕ್ಕಂತೆ ಪರದೆಯ ಬಣ್ಣ ಬದಲಿಸುವ ಟ್ರೂ ಟೋನ್ ಕೂಡ. ಇವು ಓದುವುದಕ್ಕೆ ಚೆಂದ, ಬಣ್ಣದ ಕೆಲಸಕ್ಕೆ ಶತ್ರು.

ಕ್ಯಾಲಿಬ್ರೇಟರ್ ಅಂತ ಒಂದು ಪುಟ್ಟ ಉಪಕರಣ ಬರುತ್ತದೆ. ಡೇಟಾಕಲರ್, ಕ್ಯಾಲಿಬ್ರೈಟ್ ಕಂಪನಿಗಳದ್ದು ಸಿಗುತ್ತವೆ. ಪರದೆಯ ಮೇಲೆ ಇಟ್ಟರೆ ಬಣ್ಣ ಅಳೆದು ಪ್ರೊಫೈಲ್ ಮಾಡಿಕೊಡುತ್ತದೆ. ಒಬ್ಬರೇ ಕೊಂಡರೆ ದುಬಾರಿ ಅನಿಸಬಹುದು. ಆದರೆ ದಿನಾ ಬೇಕಾಗುವ ವಸ್ತು ಅಲ್ಲ. ಒಂದೇ ಊರಿನ ನಾಲ್ಕೈದು ಸ್ಟುಡಿಯೋದವರು ಸೇರಿ ಒಂದು ತಂದುಕೊಂಡರೆ ತಿಂಗಳಿಗೊಮ್ಮೆ ಎಲ್ಲರ ಪರದೆಯನ್ನೂ ಅಳೆಯಬಹುದು. ಆದರೆ 45% ಪರದೆಯನ್ನು ಕ್ಯಾಲಿಬ್ರೇಟ್ ಮಾಡಿದರೆ 100% ಆಗುವುದಿಲ್ಲ. ಇಲ್ಲದ ಬಣ್ಣವನ್ನು ಯಾವ ಉಪಕರಣವೂ ತಂದುಕೊಡುವುದಿಲ್ಲ.

ಆಫ್‌ಸೆಟ್ ಪ್ರೆಸ್ಸಿಗೆ ಕೆಲಸ ಮಾಡುವವರಿಗೆ ಒಂದು ಸಮಾಧಾನದ ಮಾತು. ಗದಗದಂಥ ಮುದ್ರಣಕ್ಕೆ ಹೆಸರಾದ ಊರಿನವರಿಗೆ ಇದು ಗೊತ್ತೇ ಇರುತ್ತದೆ. ಕನ್ನಡ ಬಾವುಟದ ಹಳದಿ, ಕೆಂಪು ಹಾಕಬೇಕು ಅಂದರೆ ಅವರು ಪರದೆ ನೋಡುವುದಿಲ್ಲ. ಹಳದಿ ನೂರು, ಮೆಜೆಂಟಾ ನೂರು ಅಂತ ಶಾಯಿಯ ಅಂಕಿ ನೋಡುತ್ತಾರೆ, ಶೇಡ್ ಕಾರ್ಡ್ ನೋಡುತ್ತಾರೆ. ಪರದೆಯಲ್ಲಿ ಕಾಣುವ ಝಗಝಗಿಸುವ ಕೆಂಪನ್ನು ನಾಲ್ಕು ಶಾಯಿಗಳು ತರುವುದಕ್ಕೆ ಆಗುವುದೇ ಇಲ್ಲ. ಅಕ್ಷರ ಮತ್ತು ಗಟ್ಟಿ ಬಣ್ಣದ ಕೆಲಸವೇ ಜಾಸ್ತಿ ಇರುವವರು ಬಣ್ಣದ ಶೇಕಡಾವಾರು ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅವರಿಗೆ ಬೇಕಾದದ್ದು ಜಾಗ. 1920×1080ರ ಬದಲು 1920×1200 ಇರುವ, ಸ್ವಲ್ಪ ಎತ್ತರದ ಪರದೆ ತಗೊಂಡರೆ ಕೆಳಗೆ ಕಲರ್ ಪ್ಯಾಲೆಟ್, ಮೇಲೆ ಟೂಲ್ ಬಾರ್ ಇಟ್ಟರೂ ಪುಟ ಕಾಣುತ್ತದೆ.

ಸರಿ, ಈಗ ರ‍್ಯಾಮ್. ರ‍್ಯಾಮ್ ಅಂದರೆ ಅಡಿಗೆಮನೆಯ ಕಟ್ಟೆ ಇದ್ದ ಹಾಗೆ. ಕಟ್ಟೆ ಚಿಕ್ಕದಾದರೆ ಪ್ರತಿ ಸಲ ಪಾತ್ರೆ ತೆಗೆದು ನೆಲದ ಮೇಲಿಟ್ಟು, ಮತ್ತೆ ಎತ್ತಿಕೊಳ್ಳಬೇಕು. ಎಷ್ಟು ಬೇಕು ಅನ್ನುವುದಕ್ಕೆ ಊಹೆ ಬೇಡ, ಲೆಕ್ಕ ಹಾಕೋಣ.

12×36 ಇಂಚಿನ ಆಲ್ಬಮ್ ಶೀಟು, 300 ಡಿಪಿಐ (ಇಂಚಿಗೆ 300 ಚುಕ್ಕಿ). ಅಂದರೆ 3600 ಗುಣಿಸು 10800. ಸುಮಾರು 3.9 ಕೋಟಿ ಪಿಕ್ಸೆಲ್. ಒಂದೊಂದು ಪಿಕ್ಸೆಲ್ಲಿಗೂ ಮೂರು ಬೈಟ್. ಪೂರ್ತಿ ತುಂಬಿದ ಒಂದು ಲೇಯರ್‌ಗೆ 110 ಎಂಬಿಗಿಂತ ಜಾಸ್ತಿ. 16 ಬಿಟ್ಟಿನಲ್ಲಿ ಕೆಲಸ ಮಾಡಿದರೆ ಅದರ ಎರಡರಷ್ಟು. ಬ್ಯಾಕ್‌ಗ್ರೌಂಡು, ಹೂವಿನ ಪಿಎನ್‌ಜಿ, ನಾಲ್ಕು ಫೋಟೊ, ಮಾಸ್ಕು, ನೆರಳು ಅಂತ ಹತ್ತು ಹದಿನೈದು ಲೇಯರ್ ಸುಮ್ನೆ ಆಗಿಬಿಡುತ್ತವೆ. ಮೇಲೆ ಫೋಟೊಶಾಪ್ ಹಿಂದಿನ ಹೆಜ್ಜೆಗಳನ್ನೆಲ್ಲ ನೆನಪಿಟ್ಟುಕೊಳ್ಳಬೇಕು. ಪಕ್ಕದಲ್ಲಿ ಲೈಟ್‌ರೂಮ್, ಕ್ರೋಮ್‌ನಲ್ಲಿ ವಾಟ್ಸಾಪ್, ಹಿಂದೆ ವಿಂಡೋಸ್. 8 ಜಿಬಿ ಇಲ್ಲಿಗೇ ಮುಗಿಯಿತು. ಅಡೋಬಿಯವರೇ ಫೋಟೊಶಾಪ್‌ಗೆ 8 ಕನಿಷ್ಠ, 16 ಇದ್ದರೆ ಒಳ್ಳೆಯದು ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ 16 ಕನಿಷ್ಠ. ಆಲ್ಬಮ್ ಕೆಲಸವೇ ಹೊಟ್ಟೆಪಾಡು ಅನ್ನುವವರಿಗೆ 32.

ಬ್ಯಾನರ್ ಮಾಡುವವರದ್ದು ಇನ್ನೊಂದು ಕತೆ. ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧದ ಮಾತು ಬೇರೆ. ಬಟ್ಟೆಯ ಮೇಲೆ ಹೊಡೆದರೂ ಲೆಕ್ಕ ಅದೇ. 10×20 ಅಡಿಯ ಬ್ಯಾನರನ್ನು 72 ಡಿಪಿಐಯಲ್ಲಿ ಮಾಡಿದರೆ 8640 ಗುಣಿಸು 17280, ಹತ್ತಿರ ಹತ್ತಿರ 15 ಕೋಟಿ ಪಿಕ್ಸೆಲ್. ಸಿಎಂವೈಕೆಯಲ್ಲಿ (ನಾಲ್ಕು ಶಾಯಿ, ಅಂದರೆ ಪಿಕ್ಸೆಲ್ಲಿಗೆ ನಾಲ್ಕು ಬೈಟ್) ಒಂದು ಲೇಯರ್‌ಗೆ ಸುಮಾರು 600 ಎಂಬಿ. ಸಹಿಸಿಕೊಳ್ಳಬಹುದು. ಅದನ್ನೇ ಯಾರೋ "ಕ್ವಾಲಿಟಿ ಬೇಕು" ಅಂತ 300 ಡಿಪಿಐ ಇಟ್ಟರೆ? 36000 ಗುಣಿಸು 72000. ಒಂದೇ ಲೇಯರ್ 10 ಜಿಬಿ ದಾಟುತ್ತದೆ. ಪಿಎಸ್‌ಡಿ ಫೈಲ್ ಒಂದು ಬದಿಗೆ 30000 ಪಿಕ್ಸೆಲ್‌ಗಿಂತ ಜಾಸ್ತಿ ತಗೊಳ್ಳುವುದೇ ಇಲ್ಲ, ದೊಡ್ಡ ಫೈಲಿಗೆ ಅಂತ ಇರುವ ಪಿಎಸ್‌ಬಿ ಮಾಡಬೇಕು. ರಸ್ತೆಯ ಆಚೆ ಬದಿಯಿಂದ ನೋಡುವ ಬ್ಯಾನರ್‌ಗೆ 300 ಯಾಕೆ? 72 ಸಾಕು, ಬಹಳ ದೊಡ್ಡದಾದರೆ ಅದಕ್ಕಿಂತ ಕಡಿಮೆಯೂ ನಡೆಯುತ್ತದೆ. ಇಲ್ಲಿ ಬದಲಾಯಿಸಬೇಕಾದದ್ದು ಲ್ಯಾಪ್‌ಟಾಪ್ ಅಲ್ಲ, ಆ ಡಿಪಿಐ ಅಂಕಿ. ಅಷ್ಟು ಮಾಡಿದರೆ ಎಷ್ಟೋ ಜನಕ್ಕೆ ಇರುವ ಮೆಷಿನ್ನೇ ಇನ್ನೂ ಎರಡು ವರ್ಷ ಬರುತ್ತದೆ.

ರ‍್ಯಾಮ್ ವಿಷಯದಲ್ಲಿ ಅಂಗಡಿಯವರು "ಆಮೇಲೆ ಹಾಕಿಸ್ಕೋಬಹುದು ಬಿಡಿ" ಅಂತಾರೆ. ಹೌದಾ ಅಂತ ನೀವೇ ನೋಡಿ. ಡೆಮೋ ಪೀಸಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ. ಫಾರ್ಮ್ ಫ್ಯಾಕ್ಟರ್ ಎಂಬ ಸಾಲಿನಲ್ಲಿ "ಎಸ್‌ಒಡಿಐಎಂಎಂ" ಅಂತಿದ್ದರೆ ಕಡ್ಡಿ ಬದಲಾಯಿಸಬಹುದು. "ರೋ ಆಫ್ ಚಿಪ್ಸ್" ಅಂತಿದ್ದರೆ ಬೋರ್ಡಿಗೇ ಬೆಸುಗೆ ಹಾಕಿದ್ದಾರೆ. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಹೀಗೇ. ಆಗ ಕೊಳ್ಳುವ ದಿನ ಎಷ್ಟಿದೆಯೋ ಕೊನೆಯವರೆಗೂ ಅಷ್ಟೇ. ಅದೇ ಪುಟದಲ್ಲಿ ಎರಡು ಸ್ಲಾಟಿನಲ್ಲಿ ಎಷ್ಟು ತುಂಬಿದೆ ಅಂತಲೂ ಕಾಣುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮೆಷಿನ್ನಿನಲ್ಲಿ 16ರ ಒಂದು ಕಡ್ಡಿಗಿಂತ 8ರ ಎರಡು ಕಡ್ಡಿ ಚುರುಕು.

ಪ್ರೊಸೆಸರ್ ಬಗ್ಗೆ ಬೇಗ ಮುಗಿಸುತ್ತೇನೆ. ಐ5, ಐ7, ರೈಝನ್ 5 ಅನ್ನುವ ಸ್ಟಿಕ್ಕರ್ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ಪೂರ್ತಿ ಸಂಖ್ಯೆ ಓದಿ. ಎಎಂಡಿಯ 7000 ಸರಣಿಯಲ್ಲಿ ರೈಝನ್ 5 7520ಯು ಅಂತ ಒಂದಿದೆ, 7530ಯು ಅಂತ ಇನ್ನೊಂದಿದೆ, 7540ಯು ಅಂತ ಮತ್ತೊಂದು. ನೋಡಿದರೆ ಅಣ್ಣತಮ್ಮಂದಿರ ಹಾಗಿವೆ. ಆದರೆ ಮೂರನೆಯ ಅಂಕಿಯನ್ನು ಗಮನಿಸಿ. 2 ಅಂದರೆ ಝೆನ್ 2 ವಿನ್ಯಾಸ, 3 ಅಂದರೆ ಝೆನ್ 3, 4 ಅಂದರೆ ಝೆನ್ 4. 7520ಯು ಒಳಗಿರುವುದು ಎರಡು ತಲೆಮಾರು ಹಳೆಯ ವಿನ್ಯಾಸ, ಹೊಸ ಅಂಗಿ ಹಾಕಿದ್ದಾರೆ. ಇನ್ನು ಕೊನೆಯ ಅಕ್ಷರ: ಯು ಅಂದರೆ ಕರೆಂಟ್ ಉಳಿಸುವ ಚಿಪ್, ಎಚ್ ಅಂದರೆ ಜೋರಾಗಿ ಓಡುವ, ಬಿಸಿಯೂ ಆಗುವ ಚಿಪ್. ಸಾವಿರಾರು ರಾ (ಕ್ಯಾಮೆರಾ ಹಿಡಿದ ಮೂಲ ರೂಪದ) ಫೋಟೊ ಎಕ್ಸ್‌ಪೋರ್ಟ್ ಹಾಕುವವರಿಗೆ ಎಚ್ ನೋಡಿ. ಲಗ್ನಪತ್ರಿಕೆ, ಪೋಸ್ಟರ್ ಕೆಲಸಕ್ಕೆ ಇತ್ತೀಚಿನ ಯು ಚಿಪ್ ಧಾರಾಳವಾಗಿ ಸಾಕು.

ಗ್ರಾಫಿಕ್ಸ್ ಕಾರ್ಡ್. ಜನ ಜಾಸ್ತಿ ದುಡ್ಡು ಸುರಿಯುವುದು ಇಲ್ಲೇ. ಕೋರೆಲ್ ಡ್ರಾ, ಇಲಸ್ಟ್ರೇಟರ್, ದಿನನಿತ್ಯದ ಫೋಟೊಶಾಪ್ ಕೆಲಸಕ್ಕೆ ದೊಡ್ಡ ಕಾರ್ಡ್ ಬೇಕಾಗಿಲ್ಲ. ಅದು ನಿಜವಾಗಿ ಕೆಲಸಕ್ಕೆ ಬರುವುದು ವಿಡಿಯೋ ಎಡಿಟಿಂಗಿನಲ್ಲಿ, ಮತ್ತೆ ಲೈಟ್‌ರೂಮಿನ ಎಐ ಡಿನಾಯ್ಸ್‌ನಂಥ (ಫೋಟೊದ ಕಾಳುಕಾಳು ತೆಗೆಯುವ) ಕೆಲಸದಲ್ಲಿ. ಮಂಟಪದ ಕತ್ತಲಲ್ಲಿ ಐಎಸ್‌ಒ 6400 ಇಟ್ಟು ತೆಗೆದ ಫೋಟೊಗಳನ್ನು ರಾಶಿಗಟ್ಟಲೆ ಡಿನಾಯ್ಸ್ ಮಾಡುವವರಿಗೆ ಕಾರ್ಡ್ ಇದ್ದರೆ ನಿಮಿಷಗಳ ಕೆಲಸ ಸೆಕೆಂಡುಗಳಿಗೆ ಇಳಿಯುತ್ತದೆ. ಹಾಗಿಲ್ಲದಿದ್ದರೆ ಆ ದುಡ್ಡನ್ನು ಪರದೆಗೆ ಹಾಕಿ. ಕಡಿಮೆ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಒಳ್ಳೆಯ ಕಾರ್ಡ್, ಒಳ್ಳೆಯ ಪ್ರೊಸೆಸರ್ ಕೊಟ್ಟು, ಪರದೆ ಮಾತ್ರ ಅದೇ 45% ಹಾಕಿರುತ್ತಾರೆ. 144 ಹರ್ಟ್ಸ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದು ಆಟದ ವೇಗಕ್ಕೆ, ಸೀರೆಯ ಬಣ್ಣಕ್ಕಲ್ಲ. ಜೊತೆಗೆ ಕರೆಂಟ್ ಹೋದಾಗ ಬ್ಯಾಟರಿಯ ಮೇಲೆ ಈ ಮೆಷಿನ್‌ಗಳ ಅರ್ಧ ಶಕ್ತಿ ಇಳಿದುಹೋಗುತ್ತದೆ. ನಮ್ಮ ಊರುಗಳ ಕರೆಂಟ್ ಗೊತ್ತಲ್ಲ.

ಡಿಸ್ಕ್ ಎನ್‌ವಿಎಂಇ ಎಸ್‌ಎಸ್‌ಡಿ ಇರಲಿ. 512 ಜಿಬಿ ಕನಿಷ್ಠ. 24 ಮೆಗಾಪಿಕ್ಸೆಲ್ ರಾ ಫೈಲ್ ಒಂದಕ್ಕೆ 25–30 ಎಂಬಿ ಅಂದರೆ ಮೂರು ಸಾವಿರ ಫೋಟೊದ ಮದುವೆಗೆ 75–90 ಜಿಬಿ. ಒಂದು ಸೀಸನ್ನಿಗೆ ತುಂಬಿಹೋಗುತ್ತದೆ. ರ‍್ಯಾಮ್ ಸಾಲದೆ ಹೋದಾಗ ಫೋಟೊಶಾಪ್ ಡಿಸ್ಕಿನ ಖಾಲಿ ಜಾಗವನ್ನೇ ಬಳಸಿಕೊಳ್ಳುವುದರಿಂದ 50–100 ಜಿಬಿ ಯಾವಾಗಲೂ ಖಾಲಿ ಇಡಿ. ಮುಗಿದ ಮದುವೆಗಳನ್ನು ಎರಡು ಬೇರೆ ಬೇರೆ ಹೊರಗಿನ ಡಿಸ್ಕಿಗೆ ಹಾಕಿ. ಒಂದಲ್ಲ, ಎರಡು.

ಇನ್ನು ಮ್ಯಾಕಾ, ವಿಂಡೋಸಾ? ಬರೀ ಫೋಟೊ ಕೆಲಸದವರಿಗೆ ಮ್ಯಾಕ್‌ಬುಕ್ ಏರ್ ಒಳ್ಳೆಯ ಆಯ್ಕೆ. ಪರದೆಯ ಬಗ್ಗೆ ಹುಡುಕಾಟವೇ ಬೇಡ, ಪಿ3 ಬಣ್ಣ ಪೂರ್ತಿ ಬರುತ್ತದೆ, ಪ್ರೊಫೈಲ್ ಕೂಡ ಅದೇ ನೋಡಿಕೊಳ್ಳುತ್ತದೆ. ಫ್ಯಾನ್ ಇಲ್ಲ, ಬ್ಯಾಟರಿಯ ಮೇಲೂ ಅದೇ ವೇಗ. ಆದರೆ ರ‍್ಯಾಮ್, ಡಿಸ್ಕ್ ಯಾವುದನ್ನೂ ಆಮೇಲೆ ಹೆಚ್ಚಿಸಲು ಆಗುವುದಿಲ್ಲ. 2024ರ ಅಕ್ಟೋಬರಿನಲ್ಲಷ್ಟೇ ಆಪಲ್ ಏರ್‌ನ ಕನಿಷ್ಠ ರ‍್ಯಾಮನ್ನು 8ರಿಂದ 16 ಜಿಬಿಗೆ ಏರಿಸಿತು. ಹಾಗಾಗಿ ಸೆಕೆಂಡ್ ಹ್ಯಾಂಡ್ ಎಂ1, ಎಂ2 ಚಿಪ್ಪಿನ ಏರ್ ಕೊಳ್ಳುವವರು 8 ಜಿಬಿಯದ್ದು ಬೇಡ, ಹುಡುಕಿ 16ರದ್ದು ತಗೊಳ್ಳಿ.

ಕನ್ನಡ ಡಿಟಿಪಿಯವರಿಗೆ ಮಾತ್ರ ನಾನು ಕಣ್ಣು ಮುಚ್ಚಿ ವಿಂಡೋಸ್ ಅನ್ನುತ್ತೇನೆ. ನುಡಿ, ಬರಹ ವಿಂಡೋಸ್‌ಗೆ ಮಾಡಿದ ತಂತ್ರಾಂಶಗಳು. ಹಳೆಯ ಪೇಜ್‌ಮೇಕರ್ ಫೈಲು, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಕಂಪೋಸ್ ಮಾಡಿದ ಪುಸ್ತಕ, ಹತ್ತು ವರ್ಷದ ಹಿಂದಿನ ಕೋರೆಲ್ ಫೈಲು, ಇವೆಲ್ಲ ಇನ್ನೂ ದಿನಾ ಬರುತ್ತವೆ. ಕೋರೆಲ್ ಡ್ರಾ ಮ್ಯಾಕ್‌ಗೆ 2019ರಲ್ಲಿ ಮತ್ತೆ ಬಂತು, ನಿಜ. ಆದರೆ ಪ್ರೆಸ್ಸಿನವರು ಕಳಿಸುವ ಫೈಲು, ಫಾಂಟು, ಎಲ್ಲವೂ ವಿಂಡೋಸ್ ಲೋಕದ್ದೇ. ಇದೇ ಕಾರಣಕ್ಕೆ ಸ್ನ್ಯಾಪ್‌ಡ್ರಾಗನ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್ ಕೂಡ ಈಗಲೇ ಬೇಡ. ಬ್ಯಾಟರಿ ಚೆನ್ನಾಗಿ ಬರುತ್ತದೆ. ಆದರೆ ಆ ಚಿಪ್ಪಿಗೆ ಅಂತಲೇ ಮಾಡಿದ ಡ್ರೈವರ್ ಇಲ್ಲದ ಹಳೆಯ ಪ್ರಿಂಟರ್, ಪ್ಲಾಟರ್ ನಡೆಯುವುದಿಲ್ಲ. ಡಾಂಗಲ್ ಚುಚ್ಚಿದರೆ ಮಾತ್ರ ತೆರೆಯುವ ಹಳೆಯ ಫಾಂಟ್ ಪ್ಯಾಕೇಜ್ ಇಟ್ಟುಕೊಂಡವರಿಗೂ ಅದೇ ತೊಂದರೆ.

ಪ್ರಸಂಗ ಬಂತು ಅಂತ ಹೇಳುತ್ತೇನೆ. ಫೋಟೊಶಾಪಿನಲ್ಲಿ ಯೂನಿಕೋಡ್ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುತ್ತದೆ ಅಂತ ಕೆಲವರು ಲ್ಯಾಪ್‌ಟಾಪನ್ನೇ ದೂರುತ್ತಾರೆ. ಅದು ಮೆಷಿನ್ನಿನ ತಪ್ಪಲ್ಲ. ಹಳೆಯ ಆವೃತ್ತಿಯಲ್ಲಾದರೆ ಟೈಪ್ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಇರುವ ಆಯ್ಕೆಯನ್ನು ಹಾಕಿ, ಪ್ಯಾರಾಗ್ರಾಫ್ ಪ್ಯಾನಲ್ಲಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿದರೆ ಸರಿಹೋಗುತ್ತದೆ.

ಅಂಗಡಿಗೆ ಹೋಗುವಾಗ ಜೊತೆಗೆ ಏನು ಒಯ್ಯಬೇಕು? ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ, ಮಾಲ್‌ಗೆ ಹೋಗಿ, ಒಂದು ಪೆನ್‌ಡ್ರೈವ್ ಮತ್ತು ಒಂದು ಪ್ರಿಂಟ್ ಜೇಬಿನಲ್ಲಿರಲಿ. ಪ್ರಿಂಟ್ ಯಾವುದು ಅಂದರೆ ನಿಮ್ಮ ಲ್ಯಾಬಿನಲ್ಲಿ ಚೆನ್ನಾಗಿ ಬಂದ ಒಂದು ಫೋಟೊ, ಅದೇ ಫೈಲು ಪೆನ್‌ಡ್ರೈವಿನಲ್ಲಿ. ಪರದೆಯ ಪಕ್ಕ ಪ್ರಿಂಟ್ ಹಿಡಿದು ನೋಡಿ. ಅರಿಶಿನ, ಕುಂಕುಮ, ಚರ್ಮದ ಬಣ್ಣ ಈ ಮೂರು ಹತ್ತಿರ ಬಂದರೆ ಮುಂದಿನ ಮಾತು. ಇನ್ನೊಂದು ಫೈಲು ಕಪ್ಪಿನಿಂದ ಬಿಳಿಯವರೆಗಿನ ಬೂದು ಪಟ್ಟಿ. ಕತ್ತಲ ಕಡೆಯ ಕೊನೆಯ ಮೆಟ್ಟಿಲುಗಳು ಬೇರೆ ಬೇರೆ ಕಾಣಬೇಕು. ಮೂರನೆಯದು ಸಂಜೆಯ ಮೋಡವಿಲ್ಲದ ಆಕಾಶ. ಆಕಾಶದಲ್ಲಿ ಪಟ್ಟೆ ಪಟ್ಟೆ ಕಂಡರೆ ಅದು 6 ಬಿಟ್ ಪರದೆ ಇರಬಹುದು. 6 ಬಿಟ್ ತೋರಿಸುವುದು 2.62 ಲಕ್ಷ ಬಣ್ಣ, 8 ಬಿಟ್ ತೋರಿಸುವುದು 1.67 ಕೋಟಿ.

ಆನ್‌ಲೈನಿನಲ್ಲಿ ತರಿಸುವವರು ಇನ್ನೂ ಹುಷಾರಾಗಿರಬೇಕು. ಒಂದೇ ಮಾಡೆಲ್ ಹೆಸರಿನಲ್ಲಿ ಎರಡು ಮೂರು ಥರದ ಪರದೆ ಹಾಕಿ ಮಾರುವುದುಂಟು. ಯೂಟ್ಯೂಬ್ ರಿವ್ಯೂ ಮಾಡಿದವರಿಗೆ ಸಿಕ್ಕ ಪರದೆಯೇ ನಿಮಗೂ ಬರುತ್ತದೆ ಅಂತ ಇಲ್ಲ. ಬಂದ ದಿನವೇ ಎಚ್‌ಡಬ್ಲ್ಯೂಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ಪ್ಯಾನಲ್ ನಂಬರ್ ನೋಡಿ, ಲ್ಯಾಪ್‌ಟಾಪ್ ಅಳೆದು ನೋಡಿ ಬರೆಯುವ ನೋಟ್‌ಬುಕ್‌ಚೆಕ್‌ನಂಥ ವೆಬ್‌ಸೈಟಿನಲ್ಲಿ ಆ ನಂಬರ್ ಹುಡುಕಿ. ವಾಪಸ್ ಕೊಡುವ ಗಡುವಿನ ಒಳಗೆ ಇದು ಮುಗಿಯಬೇಕು. ಬಿಲ್ಲಿಗೆ ನಿಮ್ಮ ಜಿಎಸ್‌ಟಿ ನಂಬರ್ ಹಾಕಿಸುವುದು ಮರೆಯಬೇಡಿ. ಲ್ಯಾಪ್‌ಟಾಪ್ ಮೇಲೆ 18% ಇದೆ. ನೋಂದಣಿ ಇರುವ ಸ್ಟುಡಿಯೋದವರು ಅದನ್ನು ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

"ಸರ್, ಅಷ್ಟೆಲ್ಲ ಇರುವ ಲ್ಯಾಪ್‌ಟಾಪ್‌ಗೆ ನಮ್ಮ ಹತ್ತಿರ ದುಡ್ಡಿಲ್ಲ. ಏನು ಮಾಡೋದು?" ಅಂತ ಒಬ್ಬರು ಕೇಳಿದರು. ಹಾಗಾದರೆ 16 ಜಿಬಿ ರ‍್ಯಾಮ್ ಇರುವ ಸಾಧಾರಣ ಲ್ಯಾಪ್‌ಟಾಪ್ ತಗೊಳ್ಳಿ, ಅದರ ಪರದೆಯನ್ನು ಮರೆತುಬಿಡಿ. ಎಸ್‌ಆರ್‌ಜಿಬಿ 99% ಇರುವ 24 ಇಂಚಿನ ಐಪಿಎಸ್ ಮಾನಿಟರ್ ಹತ್ತು ಹದಿನೈದು ಸಾವಿರದ ಒಳಗೆ ಸಿಗುತ್ತದೆ. ಮನೆಯಲ್ಲೋ ಸ್ಟುಡಿಯೋದಲ್ಲೋ ಬಣ್ಣದ ಕೆಲಸ ಅದರಲ್ಲೇ ಮಾಡಿ. ಎಚ್‌ಡಿಎಂಐ ವೈರ್ ಹಾಕಿದಾಗ ಕಪ್ಪು ಬೂದಿಯಂತೆ ಕಂಡರೆ ಮಾನಿಟರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಲ್ಯಾಪ್‌ಟಾಪ್ ಅದನ್ನು ಟಿವಿ ಅಂದುಕೊಂಡಿರುತ್ತದೆ. ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಲಿಮಿಟೆಡ್ ರೇಂಜ್ ತೆಗೆದು ಫುಲ್ ರೇಂಜ್ ಹಾಕಿದರೆ ಆಯಿತು.

ಇನ್ನೊಬ್ಬರು, ಜಿಲ್ಲೆಯ ಕೊನೆಯ ತಾಲ್ಲೂಕಿನಿಂದ ಬಂದವರು, "ನನ್ನ ಹತ್ತಿರ ಆಗಲೇ ಲ್ಯಾಪ್‌ಟಾಪ್ ಇದೆ, ಎಲ್ಲ ಚೆನ್ನಾಗಿದೆ, ಪರದೆ ಮಾತ್ರ ನೀವು ಹೇಳಿದ 45%ದ್ದು. ಮಾರಿಬಿಡಲಾ?" ಅಂದರು. ಮಾರಬೇಡಿ, ಮೊದಲು ಪ್ಯಾನಲ್ ಬದಲಾಯಿಸಲು ಆಗುತ್ತದಾ ವಿಚಾರಿಸಿ. 15.6 ಇಂಚಿನ ಫುಲ್ ಎಚ್‌ಡಿ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟಕ್ಕೆ 30 ಪಿನ್ ಕನೆಕ್ಟರ್ ಇರುತ್ತದೆ. ಅದೇ ಅಳತೆಯ, ಅದೇ ಪಿನ್ನಿನ, 72% ಎನ್‌ಟಿಎಸ್‌ಸಿ ಪ್ಯಾನಲ್ ರಿಪೇರಿ ಅಂಗಡಿಯವರು ತರಿಸಿಕೊಡುತ್ತಾರೆ. ಸ್ಕ್ರೂ ಹಾಕುವ ಕಿವಿ ಇರುವ ಪ್ಯಾನಲ್, ಕಿವಿ ಇಲ್ಲದ ಪ್ಯಾನಲ್ ಅಂತ ಎರಡು ಥರ ಬರುತ್ತವೆ. ನಿಮ್ಮದು ಯಾವುದು ಅಂತ ಬಿಚ್ಚಿ ನೋಡಿದ ಮೇಲೆಯೇ ಆರ್ಡರ್ ಹಾಕಿಸಿ. ವಾರಂಟಿ ಇನ್ನೂ ಉಳಿದಿದ್ದರೆ ಮಾತ್ರ ಅದು ಮುಗಿಯುವ ತನಕ ತಡೆಯಿರಿ.